ಮಿಶನ್ನಿಗೆ ಹಣೆ ಯಾವುದು?

ಆಗ ನನಗೆ ಅರವತ್ಮೂರು. ಹದಿನೈದು ವರ್ಷದ ಹಿಂದಿನ ಮಾತು. ಒಂದು ವರ್ಷ ಆಚೀಚೆ ಇದ್ದರೂ ಇರಬಹುದು, ನನ್ನ ಹತ್ತಿರ ಲೆಕ್ಕ ಕೇಳಬೇಡಿ. ನಾನು ಓದಿದ್ದು ಎರಡನೇ ಕ್ಲಾಸಿನವರೆಗೆ. ಅದರಲ್ಲೂ ಅರ್ಧ ವರ್ಷ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುವುದರಲ್ಲೇ ಕಳೆಯಿತು.

ನಮ್ಮ ಮನೆ ಮದ್ರಾಸಿನ ಅಂಚಿನ ತಾಂಬರದಲ್ಲಿ. ಯಜಮಾನರು ರೈಲ್ವೆಯಲ್ಲಿ ಗಾರ್ಡಾಗಿ ರಿಟೈರಾದವರು. ಮಗ ಬ್ಯಾಂಕಿನಲ್ಲಿ, ಸೊಸೆ ಇನ್ಶೂರೆನ್ಸ್ ಆಫೀಸಿನಲ್ಲಿ. ಸೊಸೆಯ ತವರಿನವರು ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ನೆನಪಿಲ್ಲ. ಅವಳ ಕನ್ನಡದಲ್ಲಿ ಅರ್ಧ ತಮಿಳು. ನಾನು ಮೈಸೂರು ಕಡೆಯವಳು, ಮದುವೆಯಾಗಿ ಬಂದವಳು. ನನ್ನ ತಮಿಳಿನಲ್ಲಿ ಅರ್ಧ ಕನ್ನಡ. ಇಬ್ಬರಿಗೂ ಸರಿಹೋಯಿತು.

ಆ ವರ್ಷ ತಮಿಳರ ಆಡಿ ತಿಂಗಳಲ್ಲಿ, ನಮ್ಮ ಆಷಾಢ ಅನ್ನಿ, ನಾನು ಬಚ್ಚಲಲ್ಲಿ ಬಿದ್ದೆ. ಸೋಪನ್ನು ನೆಲದ ಮೇಲೆ ಬಿಟ್ಟವರು ಯಾರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಬಲಗೈಯ ಮಣಿಕಟ್ಟು ಮುರಿಯಿತು. ಇಲ್ಲಿಯವರು ಮಾವುಕಟ್ಟು ಅನ್ನುತ್ತಾರಲ್ಲ, ಆ ಪ್ಲಾಸ್ಟರು ಹಾಕಿದರು. ಗಣೇಶನ ಹಬ್ಬದ ಹೊತ್ತಿಗೆ ಬಿಚ್ಚಿದರು. ಒಳಗಿಂದ ಹೊರಬಂದದ್ದು ನನ್ನ ಕೈಯಲ್ಲ, ಯಾರೋ ಸೊರಗಿದ ಮುದುಕಿಯದು. ಒಂದು ಲೋಟ ಎತ್ತಿದರೆ ನಡುಗುತ್ತಿತ್ತು. ಈಳಿಗೆ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುವುದಿರಲಿ, ಒಂದು ಬದನೆಕಾಯಿ ಹೋಳು ಮಾಡಲೂ ಆಗಲಿಲ್ಲ.

ಅಷ್ಟು ದಿನ ಸೊಸೆ ಬೆಳಿಗ್ಗೆ ಎದ್ದು ಅನ್ನ ಸಾರು ಮಾಡಿಟ್ಟು ಎಲೆಕ್ಟ್ರಿಕ್ ಟ್ರೈನಿಗೆ ಓಡುತ್ತಿದ್ದಳು. ಕೂದಲು ಬಾಚುವುದು ಟ್ರೈನಿನಲ್ಲಿ, ಹೂ ಮುಡಿಯುವುದು ಮಾಂಬಲ ಸ್ಟೇಷನ್ನಿನಲ್ಲಿ ಇಳಿದ ಮೇಲೆ. ಹೀಗೆ ನಡೆಯುವುದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಒಂದು ಭಾನುವಾರ ಮಗ ಪೇಪರು ಮಡಚಿಟ್ಟು ಹೇಳಿದ, "ಅಮ್ಮ, ಅಡುಗೆಗೆ ಒಬ್ಬರನ್ನ ಇಟ್ಕೊಳ್ಳೋಣ."

"ಯಾರ ಮನೇಗೆ?" ಅಂದೆ.

"ನಮ್ಮ ಮನೇಗೇ. ನೀನು ಆರಾಮಾಗಿ ಹಾಲಿನಲ್ಲಿ ಕೂತ್ಕೊ. ಟಿವಿ ನೋಡು."

ಅಡುಗೆಮನೆ ನನ್ನ ದೇವಸ್ಥಾನ ಅಂತೆಲ್ಲ ನಾನು ಹೇಳುವುದಿಲ್ಲ. ಅಲ್ಲಿ ಸೆಕೆ, ಜಿರಲೆ, ಸೋರುವ ನಲ್ಲಿ. ಆದರೆ ಅದನ್ನು ಬಿಟ್ಟುಕೊಟ್ಟರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಲಿನಲ್ಲಿ ಯಜಮಾನರ ಎದುರು ಕೂರಬೇಕು. ಅವರು ಬಂದ ರೈಲು ಹೋದ ರೈಲಿನ ಸದ್ದು ಕೇಳಿ, ಯಾವುದು ಎಷ್ಟು ತಡ ಅಂತ ಹೇಳುತ್ತಾ ಇರುತ್ತಾರೆ. ನಲವತ್ತು ವರ್ಷ ಅವರು ಡ್ಯೂಟಿಯ ಮೇಲೆ ಊರೂರು ತಿರುಗಿದ್ದರಿಂದಲೇ ನಮ್ಮ ಸಂಸಾರ ಚೆನ್ನಾಗಿ ನಡೆದದ್ದು. ಇನ್ನು ಕೊನೆಗಾಲದಲ್ಲಿ ಆ ಶಿಕ್ಷೆ ನನಗೆ ಬೇಡವಾಗಿತ್ತು.

"ನನ್ನ ಕೈ ಸರಿಹೋಗತ್ತೆ," ಅಂದೆ.

"ಯಾವಾಗ?"

ಅದಕ್ಕೆ ಉತ್ತರ ಕೊಟ್ಟವಳು ಸೊಸೆ. ಅವಳು ಎದ್ದುಹೋಗಿ ಬೀರುವಿನ ಮೇಲಿಂದ ಒಂದು ದೊಡ್ಡ ರಟ್ಟಿನ ಡಬ್ಬ ಇಳಿಸಿದಳು. "ಆಡಿ ತಳ್ಳುಪಡೀಲಿ ತಗೊಂಡಿದ್ದೆ ಅತ್ತೆ. ನೀವು ಬೈತೀರ ಅಂತ ಹೊರಗೆ ಎಡುಕ್ಕಲೇ ಇಲ್ಲ," ಅಂದಳು. ಆಡಿಯಲ್ಲಿ ತ್ಯಾಗರಾಯ ನಗರದ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟ ಇರುತ್ತದಲ್ಲ, ಅಲ್ಲಿ ಜನರ ಕಾಲು ತುಳಿದುಕೊಂಡು ಹೋಗಿ ತಂದಿದ್ದಳು. ಡಬ್ಬದ ಮೇಲೆ ಒಬ್ಬ ಬಿಳಿ ಹೆಂಗಸು ಕ್ಯಾರೆಟ್ ಹಿಡಿದು ನಗುತ್ತಿದ್ದಳು. ಅದು ಫುಡ್ ಪ್ರೊಸೆಸರ್. ನಾನು ಅದನ್ನು ಮಿಶನ್ನು ಅಂತಲೇ ಕರೆದೆ, ಈಗಲೂ ಹಾಗೇ ಕರೆಯುತ್ತೇನೆ.

ಒಳಗೆ ಏನೇನು ಇತ್ತು ಅಂದರೆ, ಕೆಳಗೊಂದು ಮೋಟಾರಿನ ಪೆಟ್ಟಿಗೆ, ಅದರ ಮೇಲೆ ಕೂರುವ ಗಾಜಿನಂಥ ಪ್ಲಾಸ್ಟಿಕ್ ಬಟ್ಟಲು, ಮುಚ್ಚಳ, ಮುಚ್ಚಳಕ್ಕೊಂದು ಚಿಮಣಿ, ಚಿಮಣಿಯೊಳಗೆ ತರಕಾರಿ ಒತ್ತುವುದಕ್ಕೆ ಒಂದು ಕಡ್ಡಿ, ಹೆಚ್ಚುವ ಬ್ಲೇಡು, ಹಿಟ್ಟು ಕಲಸುವ ಬ್ಲೇಡು, ತುರಿಯುವ ತಟ್ಟೆ, ತೆಂಗಿನಕಾಯಿಗೇ ಅಂತ ಒಂದು ಮುಳ್ಳಿನ ಗುಂಡು. ಮದುವೆ ಮನೆಯಲ್ಲಿ ಪಾತ್ರೆ ಹರಡಿದ ಹಾಗೆ ಆಯಿತು.

"ಇದನ್ನೆಲ್ಲ ತೊಳೆಯೋರು ಯಾರು?" ಅನ್ನುವುದು ನಾನು ಕೇಳಿದ ಮೊದಲ ಪ್ರಶ್ನೆ.

ಪಾತ್ರೆ ತೊಳೆಯುವವಳು ಮಾರನೆಯ ದಿನ ಬಂದು ನೋಡಿ, "ನಾನು ಪಾತ್ರೆ ತೊಳೀತೀನಿ, ಇಂಜಿನ್ ತೊಳೆಯೋದಿಲ್ಲ," ಅಂತ ಖಂಡಿತವಾಗಿ ಹೇಳಿಬಿಟ್ಟಳು.

ಮೊದಲ ದಿನ ಮಿಶನ್ನು ಓಡಲೇ ಇಲ್ಲ. ಬಟ್ಟಲು ಇಟ್ಟೆ, ಮುಚ್ಚಳ ಇಟ್ಟೆ, ಗುಂಡಿ ತಿರುಗಿಸಿದೆ, ಸುಮ್ಮನೆ ಕೂತಿತ್ತು. ಯಜಮಾನರು ಕನ್ನಡಕ ಹಾಕಿಕೊಂಡು ಅದರ ಪುಸ್ತಕ ಓದಿದರು. ಇಂಗ್ಲಿಷನ್ನು ಅವರು ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುವ ಹಾಗೆ ಓದುತ್ತಾರೆ. ಎಲ್ಲ ಓದಿ ಮುಗಿಸಿ ಮುಚ್ಚಳವನ್ನು ಹಿಡಿದು ತಿರುಗಿಸಿದರು. ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ನಾಲಿಗೆ ಇದೆ. ಬಟ್ಟಲಿನ ಹಿಡಿಯ ಮೇಲೆ ಒಂದು ಸೀಳು ಇದೆ. ನಾಲಿಗೆ ಹೋಗಿ ಆ ಸೀಳಿನೊಳಗೆ ಕೂತು ಟಿಕ್ ಅಂದಿತು. ಗುಂಡಿ ತಿರುಗಿಸಿದರೆ ಮಿಶನ್ನು ಕಿರುಚಿತು.

"ನೋಡಿದ್ಯೇನೇ," ಅಂದರು ಇವರು, ಅದನ್ನು ತಾವೇ ಹೆತ್ತ ಹಾಗೆ. "ಸಿಗ್ನಲ್ ಬೀಳದೆ ಗಾಡಿ ಬಿಡೋದಿಲ್ಲ. ನಮ್ಮ ರೈಲ್ವೆ ಬುದ್ಧಿ ಇದು. ಮುಚ್ಚಳ ಸರಿಯಾಗಿ ಕೂರದಿದ್ರೆ ಓಡಲ್ಲ. ನಿನ್ನ ಬೆರಳು ಉಳಿಯತ್ತೆ."

"ಬೆರಳು ಉಳಿದು ಏನು ಮಾಡಲಿ, ಕೈಯೇ ಇಲ್ಲ," ಅಂದೆ.

ಆಮೇಲೆ ಹುರುಳಿಕಾಯಿ ಹಾಕಿದೆ. ಪಲ್ಯಕ್ಕೆ. ಎಡಗೈಯಲ್ಲಿ ಗುಂಡಿ ಹಿಡಿದು ನಿಂತೆ. ಮಿಶನ್ನು ಕಿರುಚುತ್ತಲೇ ಇತ್ತು, ನಾನು ಹಿಡಿದೇ ಇದ್ದೆ. ಈಳಿಗೆ ಮಣೆಯಲ್ಲಿ ಅರ್ಧ ಸೇರು ಹುರುಳಿಕಾಯಿ ಹೆಚ್ಚುವುದಕ್ಕೆ ಎಷ್ಟು ಹೊತ್ತು ಬೇಕೋ ಅದರ ಕಾಲು ಭಾಗವಾದರೂ ಇದಕ್ಕೆ ಬೇಡವೇ ಅನ್ನುವುದು ನನ್ನ ಯೋಚನೆ. ಮುಚ್ಚಳ ತೆಗೆದರೆ ಮೆಹಂದಿ ಅರೆದಿಟ್ಟಂತಿತ್ತು. ಬಿಸಾಡುವುದಕ್ಕೆ ಮನಸ್ಸು ಬರಲಿಲ್ಲ. ಒಗ್ಗರಣೆ ಕೊಟ್ಟು ಹುಣಸೆಹಣ್ಣು, ಬೆಲ್ಲ ಹಾಕಿ ಕುದಿಸಿದೆ. ಯಜಮಾನರು ಅನ್ನಕ್ಕೆ ಕಲಸಿಕೊಂಡು ಎರಡು ತುತ್ತು ತಿಂದರು.

"ಇದು ಯಾವ ಗೊಜ್ಜು?"

"ಹೊಸದು."

"ಮತ್ತೆ ಮಾಡಬೇಡ."

ಮರುದಿನ ಈರುಳ್ಳಿ ಹಾಕಿದೆ, ನೀರಾಯಿತು. ಆಗ ಇವರು ಬಾಗಿಲಲ್ಲಿ ನಿಂತು ಹೇಳಿದರು, "ಹಿಡ್ಕೊಂಡೇ ಇರಬೇಡ. ಆ ಕಡೆ ತಿರುಗಿಸು, ತಕ್ಷಣ ಬಿಡು. ಒತ್ತು, ಬಿಡು. ಶಂಟಿಂಗ್ ಮಾಡೋ ಹಾಗೆ. ಹಿಂದೆ, ಮುಂದೆ. ಎಕ್ಸ್‌ಪ್ರೆಸ್ ಓಡಿಸಬೇಡ." ಆ ಗುಂಡಿಗೆ ಒಂದು ಕಡೆ ತಿರುಗಿಸಿದರೆ ಓಡುತ್ತಲೇ ಇರುವ ಜಾಗ, ಇನ್ನೊಂದು ಕಡೆ ಹಿಡಿದಷ್ಟು ಹೊತ್ತು ಮಾತ್ರ ಓಡುವ ಜಾಗ. ಅದು ನನಗೆ ಗೊತ್ತಾಗುವ ಹೊತ್ತಿಗೆ ಒಂದು ಬುಟ್ಟಿ ತರಕಾರಿ ಗೊಜ್ಜಾಗಿತ್ತು.

ಆಮೇಲೆ ಕಲಿತೆ. ಒತ್ತು, ಬಿಡು. ಎಲೆಕೋಸಿಗೆ ಇಷ್ಟು, ಬೀನ್ಸಿಗೆ ಅಷ್ಟು ಅಂತ ಕಿವಿಗೇ ತಿಳಿಯತೊಡಗಿತು. ಕಚಕಚ ಅನ್ನುವ ಸದ್ದು ಹೋಗಿ ಪಚಪಚ ಅಂದರೆ ಹೊತ್ತು ಮೀರಿತು ಅಂತ ಅರ್ಥ. ಚಪಾತಿ ಹಿಟ್ಟನ್ನಂತೂ ಅದು ನನ್ನ ಕೈ ಚೆನ್ನಾಗಿದ್ದಾಗಲೂ ನಾನು ಕಲಸದಷ್ಟು ಮೆತ್ತಗೆ ಕಲಸಿತು. ಇದನ್ನು ನಾನು ಸೊಸೆಗೆ ಹೇಳಲಿಲ್ಲ. ಅವಳೇ ಚಪಾತಿ ಮುರಿದು ನೋಡಿ, "ಸೂಪರ್ ಅತ್ತೆ," ಅಂದಳು. ನಾನು, "ಗೋಧಿ ಒಳ್ಳೇದು," ಅಂದೆ.

ತೊಳೆಯುವುದೇ ಕಷ್ಟ. ಬ್ಲೇಡಿನ ನಡುವಿನ ಕೊಳವೆಯಲ್ಲಿ ಹಿಟ್ಟು ಸೇರಿಕೊಂಡರೆ ಬೆರಳು ಹೋಗುವುದಿಲ್ಲ, ಕಡ್ಡಿ ಹಾಕಿ ಕೆದಕಬೇಕು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಸಂಜೆ ಸೊಸೆ ಬಂದು ಸೀರೆ ಬದಲಾಯಿಸುವ ಮೊದಲೇ ನಲ್ಲಿಯ ಹತ್ತಿರ ನಿಲ್ಲುತ್ತಿದ್ದಳು. ಮಗ ಅದನ್ನು ನೋಡಿದ. ನೋಡಿ, ತಾನು ತೊಳೆಯುತ್ತೇನೆ ಅನ್ನಲಿಲ್ಲ. "ಇದಕ್ಕಿಂತ ಅಡುಗೆಯವರನ್ನ ಇಡೋದೇ ವಾಸಿ," ಅಂದ.

ನವರಾತ್ರಿಯ ಮೊದಲ ವಾರದಲ್ಲಿ ಅವನು ಒಬ್ಬಳನ್ನು ಕರೆದುಕೊಂಡೇ ಬಂದ. ಸಿನಿಮಾ ಸ್ಟುಡಿಯೋಗಳಿರುವ ವಡಪಳನಿಯ ಹೆಂಗಸು. ಸಿನಿಮಾ ಶೂಟಿಂಗಿಗೆ ಊಟ ಕಳಿಸುವವರ ಹತ್ತಿರ ವರ್ಷಗಟ್ಟಲೆ ಅಡುಗೆ ಮಾಡಿದ್ದಳಂತೆ. ಅಲ್ಲಿ ಹೊತ್ತಿಲ್ಲ ಗೊತ್ತಿಲ್ಲ, ಸಾಕಾಗಿದೆ, ತಾಂಬರದಲ್ಲಿ ತಂಗಿ ಮನೆಯಲ್ಲಿ ಇದ್ದುಕೊಂಡು ಒಂದು ಸಂಸಾರಸ್ಥರ ಮನೆ ಸಿಕ್ಕರೆ ಸಾಕು ಅಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನ ಎರಡರಷ್ಟು ಅಗಲ. ಮಾತೆಲ್ಲ ತಮಿಳಿನಲ್ಲಿ. ಇಲ್ಲಿ ಅದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ, ಬೈಗುಳ ಬಿಟ್ಟು.

ಅವಳು ಅಡುಗೆಮನೆಗೆ ಬಂದವಳೇ ಒಂದೊಂದು ಡಬ್ಬ ತೆಗೆದು ಮೂಸಿದಳು. ಸಾರಿನ ಪುಡಿಗೆ ತಲೆದೂಗಿದಳು. ಬೆಲ್ಲದ ಡಬ್ಬ ಒಲೆಯ ಪಕ್ಕದಲ್ಲಿ ಇರುವುದನ್ನು ನೋಡಿ ನಿಂತಳು.

"ಮಾಮಿ, ವೆಲ್ಲಂ ಯಾಕೆ ಇಲ್ಲಿದೆ? ಪಾಯಸಕ್ಕಾ?"

"ಸಾರಿಗೆ. ಹುಳಿಗೆ. ಪಲ್ಯಕ್ಕೂ ಒಂದು ಚೂರು."

"ಸಾಂಬಾರಿಗೆ ವೆಲ್ಲವಾ?" ಅಂತ ಅವಳು ನನ್ನ ಮಗನ ಮುಖ ನೋಡಿದಳು, ಇಷ್ಟು ವರ್ಷ ಹೇಗಪ್ಪಾ ಬದುಕಿದೆ ಅನ್ನುವ ಹಾಗೆ. ಆಮೇಲೆ ಬೆಲ್ಲದ ಡಬ್ಬ ಎತ್ತಿ, ನನಗೆ ಕೈ ಎಟುಕದ ಮೇಲಿನ ಗೂಡಿನಲ್ಲಿ ಇಟ್ಟುಬಿಟ್ಟಳು. "ಇರುವೆ ಬರತ್ತೆ ಮಾಮಿ," ಅಂದಳು.

ಅವಳು ಗೇಟು ದಾಟುವುದನ್ನು ಕಾದು ನಾನು ಮಗನಿಗೆ ಹೇಳಿದೆ, "ಅವಳು ಈ ಮನೆಗೆ ಬರಕೂಡದು."

"ಯಾಕಮ್ಮ? ಒಳ್ಳೆಯವರು."

"ಒಳ್ಳೆಯವಳೇ. ಅವರ ಮನೇಲಿ ಒಳ್ಳೆಯವಳಾಗಿರಲಿ."

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. "ಸರಿ. ವಿಜಯದಶಮಿ ದಿನ ಅಡುಗೆ ಪೂರ್ತಿ ನೀನೊಬ್ಬಳೇ ಮಾಡು. ಹಬ್ಬದ ಅಡುಗೆ. ಕೋಸಂಬರಿ, ಆಂಬೊಡೆ, ಎಲ್ಲ. ನಿನ್ನ ಸೊಸೆ ಕೈ ಹಾಕಕೂಡದು, ಅಪ್ಪನೂ ಅಷ್ಟೆ. ಆದ್ರೆ ಆಯ್ತು, ಇನ್ನು ಮಾತೆತ್ತಲ್ಲ. ಆಗದಿದ್ರೆ ಆ ವಡಪಳನಿ ಮಾಮಿ ಅವತ್ತೇ ಶುರು ಮಾಡ್ತಾರೆ."

ವಿಜಯದಶಮಿಯ ದಿನ ಶುರುವಾದ ಕೆಲಸ ನಿಲ್ಲುವುದಿಲ್ಲ ಅಂತ ಈ ಊರಿನಲ್ಲಿ ಎಲ್ಲರೂ ನಂಬುತ್ತಾರೆ. ಮಕ್ಕಳಿಗೆ ಅಕ್ಷರ ಬರೆಸುವುದು, ಅಂಗಡಿ ತೆರೆಯುವುದು, ಸಂಗೀತಕ್ಕೆ ಸೇರಿಸುವುದು, ಎಲ್ಲ ಅವತ್ತೇ. ಅವತ್ತು ಅವಳು ನನ್ನ ಒಲೆ ಹಚ್ಚಿದಳೋ, ನಾನು ಸಾಯುವ ತನಕ ಹಚ್ಚುತ್ತಾಳೆ.

"ಆಯ್ತು," ಅಂದೆ. "ನಾನು ಗೆದ್ರೆ?"

"ಗೆದ್ರೆ ಏನು?"

"ಗೆದ್ರೆ ಮಿಶನ್ನು ತೊಳೆಯೋನು ನೀನು. ದಿನಾ."

ಅವನು ನಕ್ಕ. "ತೊಳೀತೀನಮ್ಮ," ಅಂದ, ಎಂದೂ ಬಾರದ ರೈಲಿಗೆ ಟಿಕೆಟ್ ಕೊಡುವವನ ಹಾಗೆ.

"ನಾನು ಸಾಕ್ಷಿ ಅತ್ತೆ," ಅಂತ ಸೊಸೆ ಒಳಗಿನಿಂದ ಕೂಗಿದಳು.

ಹಿಂದಿನ ದಿನ ಆಯುಧ ಪೂಜೆ. ನಮ್ಮಲ್ಲಿ ಅವತ್ತು ಮನೆಯಲ್ಲಿ ದುಡಿಯುವ ವಸ್ತುಗಳನ್ನೆಲ್ಲ ತೊಳೆದು, ಒಂದು ಮಣೆಯ ಮೇಲೆ ಜೋಡಿಸಿ, ಗಂಧ ಕುಂಕುಮ ಹಚ್ಚಿ, ಪುರಿ ಕಡಲೆ ನೈವೇದ್ಯ ಇಡುತ್ತೇವೆ. ಇಟ್ಟ ಮೇಲೆ ಆ ದಿನ ಅವನ್ನು ಮುಟ್ಟುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಮಂಗಳಾರತಿ ಮಾಡಿ ಎತ್ತಬೇಕು. ಎತ್ತಿದ ಮೇಲೆ ಒಂದು ಸಲವಾದರೂ ಕೆಲಸಕ್ಕೆ ಬಳಸಲೇಬೇಕು. ಅವತ್ತು ಓಡಿದ್ದು ವರ್ಷವಿಡೀ ಓಡುತ್ತದೆ ಅಂತ ಲೆಕ್ಕ. ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿಕೊಂಡು ನಾನು ಮಣೆ ಜೋಡಿಸಿದೆ. ಈಳಿಗೆ ಮಣೆ, ಚಾಕು, ಸೊಸೆಯ ಆಫೀಸಿನ ಪೆನ್ನು, ಮಗನ ಸ್ಕೂಟರಿನ ಬೀಗದ ಕೈ, ಯಜಮಾನರ ಗಾರ್ಡ್ ಕಾಲದ ಸೀಟಿ. ನಡುವೆ ಮಿಶನ್ನು. ನಾಳೆ ಗೆಲ್ಲಿಸಬೇಕಾದದ್ದು ಅದೇ, ಆದ್ದರಿಂದ ಅದಕ್ಕೇ ದೊಡ್ಡ ಹಾರ.

ಗಂಧ ತೇಯುವುದಕ್ಕೆ ನನ್ನ ಕೈ ಆಗದು. ಅಂಗಡಿಯ ಗಂಧದ ಪುಡಿಯನ್ನು ಇವರೇ ನೀರು ಹಾಕಿ ಕಲಸಿಕೊಟ್ಟರು. ಪ್ಲಾಟ್‌ಫಾರಂ ಕಟ್ಟುವುದಕ್ಕೆ ಸಿಮೆಂಟ್ ಕಲಸಿದ ಹಾಗೆ ಗಟ್ಟಿಯಾಗಿ ಕಲಸಿದ್ದರು.

ನಾನು ಎಡಗೈಯಲ್ಲಿ ಗಂಧ ತೆಗೆದುಕೊಂಡು ಮಿಶನ್ನಿನ ಮುಂದೆ ಕೂತೆ. ಸ್ಕೂಟರಿಗೆ ದೀಪದ ಮೇಲೆ ಹಚ್ಚುತ್ತೇವೆ. ಈಳಿಗೆಗೆ ಕತ್ತಿನ ಹತ್ತಿರ. ಇದಕ್ಕೆ ಎಲ್ಲಿ?

"ರೀ, ಇದಕ್ಕೆ ಹಣೆ ಯಾವುದು?"

ಇವರು ಅದನ್ನು ಒಂದು ಸುತ್ತು ಬಂದು ನೋಡಿದರು. "ಇಂಜಿನ್ನಿಗೆ ಆದ್ರೆ ಮೂತಿಗೆ ಹಚ್ತಾರೆ. ಇದಕ್ಕೆ ಮೂತಿ ಎಲ್ಲಿದೆ?"

"ಅದನ್ನೇ ಕೇಳ್ತಿರೋದು."

"ಪುಸ್ತಕದಲ್ಲಿ ಬರೆದಿಲ್ಲ."

ಸುಮ್ಮನೆ ಹೊಟ್ಟೆಯ ಮೇಲೆ ಮೂರು ಕಡೆ ಹಚ್ಚಿದೆ. ಅದು ಸಾಕೆನಿಸಲಿಲ್ಲ. ಇದಕ್ಕೆ ಜೀವ ಬರುವುದು ಎಲ್ಲಿಂದ ಅಂತ ಯೋಚಿಸಿದೆ. ಮುಚ್ಚಳದ ನಾಲಿಗೆ ಹೋಗಿ ಹಿಡಿಯ ಸೀಳಿನಲ್ಲಿ ಕೂತಾಗ ತಾನೇ ಇದು ಬಾಯಿ ಬಿಡುವುದು? ಹಾಗಾದರೆ ಹಣೆ ಅದೇ. ಆ ಸೀಳಿಗೆ ಒಳ್ಳೆಯ ದಪ್ಪ ಬೊಟ್ಟು ಇಟ್ಟು, ಹೆಬ್ಬೆರಳಿನಲ್ಲಿ ಒತ್ತಿ, ಮೇಲೆ ಕುಂಕುಮ ಇಟ್ಟೆ. ಮನಸ್ಸಿಗೆ ಸಮಾಧಾನವಾಯಿತು. ಹೂವಿನ ಹಾರ ಅದರ ಮೇಲೇ ಇಳಿಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಎದ್ದವಳೇ ಕಡಲೆಬೇಳೆ, ಹೆಸರುಬೇಳೆ ಬೇರೆ ಬೇರೆ ನೆನೆಹಾಕಿದೆ. ಸ್ನಾನ ಮಾಡಿ ಬಂದು ಮಂಗಳಾರತಿ ಎತ್ತಿ, ಹಾರ ತೆಗೆದು ಮಿಶನ್ನನ್ನು ಕಟ್ಟೆಯ ಮೇಲೆ ಇಟ್ಟೆ. ಅಷ್ಟರಲ್ಲಿ ಗೇಟಿನ ಸದ್ದು. ವಡಪಳನಿಯವಳು. ಕೈಯಲ್ಲಿ ಒಂದು ಚೀಲ, ತಲೆಗೆ ಮಲ್ಲಿಗೆ.

"ಯಾರು ಕರೆದಿದ್ದು?" ಅಂತ ಮಗನನ್ನು ಕೇಳಿದೆ.

"ಒಳ್ಳೇ ಹೊತ್ತು ಒಂಬತ್ತರ ಮೇಲೆ ಇಲ್ಲಮ್ಮ. ಬಂದು ಕೂತಿರಲಿ ಅಂದೆ. ಬೇಕಾದ್ರೆ..."

"ಬೇಕಾಗತ್ತೆ ಅಂತ ನೀನೇ ತೀರ್ಮಾನ ಮಾಡಿಬಿಟ್ಟಿದೀಯ."

ಅವಳು ಸೀದಾ ಅಡುಗೆಮನೆಗೆ ಬಂದಳು. ಬಂದು ಮೊದಲು ಮಾಡಿದ್ದೇನು? ಇಷ್ಟು ದಿನ ನಾವು ಕೆಳಗಿಳಿಸಿಕೊಂಡಿದ್ದ ಬೆಲ್ಲದ ಡಬ್ಬವನ್ನು ಎತ್ತಿ ಮತ್ತೆ ಮೇಲಿನ ಗೂಡಿಗೆ ಇಟ್ಟಳು. ನಾನು ಆಂಬೊಡೆಗೆ ಬೇಳೆ ಬಸಿದು ಬಟ್ಟಲಿಗೆ ಹಾಕಿದೆ. ಆಂಬೊಡೆಯ ಬೇಳೆ ತರಿತರಿಯಾಗಿ ಇರಬೇಕು. ನುಣ್ಣಗಾದರೆ ಕಲ್ಲಾಗುತ್ತದೆ, ಎಣ್ಣೆ ಕುಡಿಯುತ್ತದೆ. ಮುಚ್ಚಳ ಇಟ್ಟು ತಿರುಗಿಸಿದೆ, ಗುಂಡಿ ಒತ್ತಿದೆ. ಸದ್ದಿಲ್ಲ.

ಇನ್ನೊಮ್ಮೆ. ಸದ್ದಿಲ್ಲ.

"ಕರೆಂಟ್ ಹೋಯ್ತು," ಅಂದೆ. ಆ ವರ್ಷಗಳಲ್ಲಿ ಕರೆಂಟ್ ಹೋಗುವುದೇ ಸುದ್ದಿಯಲ್ಲ. ಆದರೆ ತಲೆಯ ಮೇಲೆ ಫ್ಯಾನು ಗಿರಗಿರ ಸುತ್ತುತ್ತಿತ್ತು.

ಯಜಮಾನರು ಬಂದು ಪ್ಲಗ್ ತೆಗೆದು ಹಾಕಿದರು. ಫ್ಯೂಸು ನೋಡಿ ಬಂದರು. ಪುಸ್ತಕ ತಂದರು. ಸೊಸೆ, "ನಾನು ಬಂದು ಪಾಕ್ಲಾಮಾ, ನೋಡ್ಲಾ?" ಅಂತ ಹೊಸ್ತಿಲಲ್ಲಿ ನಿಂತಳು. ಮಗ, "ಕೈ ಹಾಕಬೇಡ," ಅಂದ. ವಡಪಳನಿಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಿಡಿ ಮಾಮಿ, ನಾನು ನೋಡ್ಕೊಳ್ತೀನಿ. ಮಿಕ್ಸಿ ಎಲ್ಲಿ?"

"ಮಿಕ್ಸಿ ಇಲ್ಲ. ಅದು ಕೆಟ್ಟಿತು, ಇದು ಬಂದ ಮೇಲೆ ರಿಪೇರಿಗೆ ಕೊಡಲಿಲ್ಲ."

"ಗ್ರೈಂಡರ್?"

"ಕಲ್ಲು ಇದೆ. ಹಿಂದೆ, ಬಾವಿಯ ಹತ್ತಿರ."

ಅವಳು ಹಿತ್ತಲಿಗೆ ಹೋಗಿ ಒರಳುಕಲ್ಲು ನೋಡಿಬಂದಳು. ಮುಖದ ಬಣ್ಣ ಸ್ವಲ್ಪ ಇಳಿದಿತ್ತು. "ಅಷ್ಟು ಕೆಳಗೆ ಕೂತರೆ ನನ್ನನ್ನ ಎತ್ತೋರು ಯಾರು ಮಾಮಿ? ಶೂಟಿಂಗ್ ಅಡುಗೆಮನೇಲಿ ಎಲ್ಲ ಮಿಶಿನ್ನೇ. ನಾನು ಕಲ್ಲು ಮುಟ್ಟಿ ಹದಿನೈದು ವರ್ಷ ಆಯ್ತು."

"ಸರಿ, ತೆಂಗಿನಕಾಯಾದರೂ ತುರಿ," ಅಂತ ಈಳಿಗೆ ಮಣೆ ತೋರಿಸಿದೆ. ಅದನ್ನು ನೋಡಿದಳು, ತನ್ನ ಮೊಣಕಾಲು ನೋಡಿದಳು, ನನ್ನ ಮಗನನ್ನು ನೋಡಿದಳು.

"ತಂಬಿ, ಕೈ ನಿಲ್ಲದ ಮಾಮಿ ಒಬ್ಬರು, ಕಾಲು ಮಡಚದ ನಾನೊಬ್ಬಳು. ಇಬ್ಬರಿಗೂ ಸೇರಿಸಿ ಈ ಮಿಶಿನ್ ರಿಪೇರಿ ಮಾಡಿಸಿ."

ಅಷ್ಟು ಹೇಳಿ ಅವಳು ಮುಚ್ಚಳವನ್ನು ಹಿಡಿದು ಜೋರಾಗಿ ಒಂದು ತಿರುಗು ಕೊಟ್ಟಳು. ಅದು ಪಕ್ಕಕ್ಕೆ ಜರುಗಿತು, ಟಿಕ್ ಅನ್ನಲಿಲ್ಲ. ಆಗ ನನಗೆ ಆ ಟಿಕ್ಕಿನ ನೆನಪು ಬಂತು. ಬೆಳಿಗ್ಗೆಯಿಂದ ಅದು ಕೇಳಿಸಿರಲೇ ಇಲ್ಲ. ಬಗ್ಗಿ ಹಿಡಿಯ ಸೀಳನ್ನು ನೋಡಿದೆ. ನಾನು ಇಟ್ಟ ಬೊಟ್ಟು ಹಾಗೇ ಕೂತಿತ್ತು, ಒಣಗಿ ಕಲ್ಲಾಗಿ, ನಡುವೆ ಕುಂಕುಮ.

ನನಗೆ ನಗು ತಡೆಯಲಾಗಲಿಲ್ಲ. ಕಟ್ಟೆ ಹಿಡಿದುಕೊಂಡು ನಕ್ಕೆ. ಬಿದ್ದಾಗಲೂ ಅಷ್ಟು ಸದ್ದು ಮಾಡಿರಲಿಲ್ಲ.

"ಏನಮ್ಮ?" ಅಂದ ಮಗ ಗಾಬರಿಯಾಗಿ.

"ಹಣೆ ಸಿಕ್ತು," ಅಂದೆ. "ನಿಮ್ಮಪ್ಪ ಕಲಸಿದ ಗಂಧ. ನಾನಿಟ್ಟ ಜಾಗ. ಸಿಗ್ನಲ್ಲಿಗೇ ಬೊಟ್ಟಿಟ್ಟಿದೀನಿ ಕಣೋ, ಗಾಡಿ ಹೇಗೆ ಹೊರಡತ್ತೆ?"

ಯಜಮಾನರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಪುಡಿ ಒಳ್ಳೇದು," ಅಂದರು. "ಚೆನ್ನಾಗಿ ಹಿಡಿದಿದೆ."

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಎಡಗೈಯಲ್ಲಿ ಕೆದಕಿದೆ. ಎಡಗೈ ಸೂಕ್ಷ್ಮ ಕೆಲಸಕ್ಕೆ ಬಾರದು, ಎರಡು ಸಲ ಜಾರಿತು. ವಡಪಳನಿಯವಳು ಏನೂ ಕೇಳದೆ ಬಟ್ಟಲನ್ನು ಎರಡು ಕೈಯಲ್ಲೂ ಅಲುಗದಂತೆ ಹಿಡಿದುಕೊಂಡಳು.

"ಒಬ್ಬಳೇ ಮಾಡಬೇಕು ಅಂತ ಮಾತು," ಅಂದ ಮಗ.

"ಇದು ರಿಪೇರಿ. ಅಡುಗೆ ಇನ್ನೂ ಶುರುವಾಗಿಲ್ಲ," ಅಂದೆ.

"ಕರೆಕ್ಟು," ಅಂದಳು ಸೊಸೆ.

ಗಂಧ ಚೂರುಚೂರಾಗಿ ಎದ್ದುಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಇಟ್ಟು ತಿರುಗಿಸಿದೆ. ಟಿಕ್. ಹದಿನೈದು ವರ್ಷ ಆಯಿತು, ಆ ಟಿಕ್ಕು ಇನ್ನೂ ಕಿವಿಯಲ್ಲಿದೆ.

ಆಗ ಯಜಮಾನರು ಪೂಜೆಯ ಮಣೆಯಿಂದ ತಮ್ಮ ಸೀಟಿ ತಂದರು. ಎತ್ತಿದ ಆಯುಧವನ್ನು ಒಮ್ಮೆಯಾದರೂ ಬಳಸಬೇಕಲ್ಲ, ರಿಟೈರಾದವರಿಗೆ ಬೇರೆ ಯಾವ ಗಾಡಿ ಇದೆ? ಬಾಗಿಲಲ್ಲಿ ನಿಂತು ಊದಿದರು. ನಾನು ಒತ್ತಿದೆ, ಬಿಟ್ಟೆ. ಇನ್ನೊಮ್ಮೆ ಊದಿದರು. ಒತ್ತಿದೆ, ಬಿಟ್ಟೆ. ಎದುರು ಮನೆಯ ನಾಯಿ ಬೊಗಳಿತು. ಪಕ್ಕದ ಮನೆಯವರು ಕಿಟಕಿಯಿಂದ, "ಏನಾಯ್ತು ಸಾರ್?" ಅಂತ ಕೂಗಿದರು. "ಆಂಬೊಡೆ!" ಅಂತ ಇವರು ಕೂಗಿದರು. ಕಚಕಚ ಅನ್ನುವಾಗಲೇ ನಿಲ್ಲಿಸಿದೆ. ಬೇಳೆ ತರಿತರಿಯಾಗಿತ್ತು, ಅಲ್ಲಲ್ಲಿ ಒಂದು ಇಡೀ ಬೇಳೆ, ಹೇಗಿರಬೇಕೋ ಹಾಗೆ.

ಆಮೇಲೆ ಕೈ ನಿಲ್ಲಲಿಲ್ಲ. ತೆಂಗಿನಕಾಯನ್ನು ಮುಳ್ಳಿನ ಗುಂಡಿಗೆ ಒತ್ತಿ ಹಿಡಿದೆ, ತುರಿ ಬಟ್ಟಲಿಗೆ ಉದುರಿತು. ಕ್ಯಾರೆಟ್ಟನ್ನು ಚಿಮಣಿಯಲ್ಲಿ ಬಿಟ್ಟೆ, ಕೋಸಂಬರಿಗೆ ಸಿದ್ಧವಾಯಿತು. ಎಲೆಕೋಸನ್ನು ಒತ್ತು ಬಿಡು ಅಂತ ಪಲ್ಯಕ್ಕೆ ಮಾಡಿಕೊಂಡೆ. ಆಂಬೊಡೆಗೆ ಸಬ್ಬಸಿಗೆ ಸೊಪ್ಪು ಕಲಸಿ, ಎಡಗೈಯಲ್ಲೇ ತಟ್ಟಿ ಎಣ್ಣೆಗೆ ಬಿಟ್ಟೆ. ದುಂಡಗೆ ಬರಲಿಲ್ಲ. ಒಂದು ನೇಪಾಳದ ಹಾಗಿತ್ತು ಅಂತ ಸೊಸೆ ಹೇಳಿದಳು, ನನಗೆ ನೇಪಾಳ ಹೇಗಿದೆ ಅಂತ ಗೊತ್ತಿಲ್ಲ. ವಡಪಳನಿಯವಳು ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಕೈ ಹಾಕಲಿಲ್ಲ. ಎಣ್ಣೆ ಕಾದದ್ದು ಹೆಚ್ಚಾದಾಗ ಒಂದು ಸಲ, "ಮಾಮಿ, ಬೆಂಕಿ," ಅಂದಳು. ನನಗೂ ಗೊತ್ತಿತ್ತು.

ಸಾರು ಕುದಿಯುವ ಹೊತ್ತಿಗೆ ನಾನು ಅವಳ ಕಡೆ ತಿರುಗಿದೆ. "ಡಬ್ಬ ಇಳಿಸು."

"ಯಾವ ಡಬ್ಬ?"

"ಬೆಲ್ಲ. ನೀನೇ ಇಟ್ಟಿದ್ದು, ನೀನೇ ಇಳಿಸು. ನನ್ನ ಕೈ ಎಟುಕಲ್ಲ."

ಅವಳು ಇಳಿಸಿಕೊಟ್ಟಳು. ನಾನು ಒಂದು ಉಂಡೆ ಬೆಲ್ಲ ಸಾರಿಗೆ ಹಾಕಿದೆ, ಯಾವಾಗಲೂ ಹಾಕುವುದಕ್ಕಿಂತ ಸ್ವಲ್ಪ ದೊಡ್ಡದೇ. ಅವಳು ಕಣ್ಣು ಮುಚ್ಚಿಕೊಂಡಳು.

ಹಬ್ಬದ ದಿನ ಮನೆಗೆ ಬಂದವಳನ್ನು ಉಪವಾಸ ಕಳಿಸುವುದಕ್ಕಾಗುತ್ತದೆಯೇ? ಎಲ್ಲರ ಜೊತೆ ಎಲೆ ಹಾಕಿದೆ. ಆಂಬೊಡೆ ಮೊದಲನೆಯದನ್ನು ಮುರಿದು ಒಳಗೆ ನೋಡಿ ತಿಂದಳು, ಎರಡನೆಯದನ್ನು ನೋಡದೆ ತಿಂದಳು, ಆಮೇಲೆ ಎಣಿಸುವುದನ್ನು ನಾನು ಬಿಟ್ಟೆ. ಸಾರನ್ನು ಬಾಯಿಗಿಟ್ಟಾಗ ಮಾತ್ರ ಔಷಧಿ ಕುಡಿದ ಮುಖ ಮಾಡಿದಳು. ಆದರೂ ಎರಡನೇ ಸಲ ಹಾಕಿಸಿಕೊಂಡಳು.

ಮಗ ಮಜ್ಜಿಗೆಗೆ ಬಂದಾಗ ಎಲೆಯಿಂದ ತಲೆಯೆತ್ತಿದ. ಆಮೇಲೆ, "ಮಾಮಿ, ಮತ್ತೆ ನೀವು..." ಅಂತ ಶುರು ಮಾಡಿದ. ಸೋತವನು ಇನ್ನೂ ಒಂದು ಬಾಗಿಲು ಇದೆಯೋ ಅಂತ ತಡವುತ್ತಿದ್ದ.

ಅವಳು ಕೈ ಅಡ್ಡ ಆಡಿಸಿದಳು. "ಬೇಡ ತಂಬಿ. ಇಲ್ಲಿ ನನಗೇನು ಕೆಲಸ? ದಿನಾ ನಾನು ವೆಲ್ಲ ಮೇಲಿಡಬೇಕು, ಮಾಮಿ ಇಳಿಸು ಅನ್ನಬೇಕು. ನನಗೂ ವಯಸ್ಸಾಯ್ತು." ಎದ್ದು ಕೈ ತೊಳೆದು ಬಂದು ನನ್ನನ್ನು ಕೇಳಿದಳು, "ಆಂಬೊಡೆ ಮಿಕ್ಕಿದೆಯಾ ಮಾಮಿ? ತಂಗಿಗೆ."

ಬಾಳೆಎಲೆಯಲ್ಲಿ ಕಟ್ಟಿಕೊಟ್ಟೆ. ಅರಿಶಿನ ಕುಂಕುಮ ಕೊಟ್ಟೆ. ಗೇಟಿನ ಹತ್ತಿರ ನಿಂತು ಅವಳು ತಿರುಗಿ ಕೂಗಿದಳು, "ಮುಂದಿನ ವರ್ಷ ಗಂಧ ಪ್ಲಗ್ಗಿಗೆ ಹಚ್ಚಿಬಿಡಬೇಡಿ ಮಾಮಿ!" ಬೀದಿಗೆಲ್ಲ ಕೇಳಿಸಿತು. ಅವಳ ಗಂಟಲು ಶೂಟಿಂಗಿನದು.

ನನ್ನ ಬಲಗೈ ಈಗಲೂ ಪೂರ್ತಿ ತಿರುಗುವುದಿಲ್ಲ. ಆ ಮಿಶನ್ನು ಹೋಗಿ ಎರಡನೆಯದು ಬಂದಿದೆ. ಅದರ ಸೀಳು ಬೇರೆ ಕಡೆ ಇದೆ, ಗಂಧ ಹಚ್ಚುವ ಮೊದಲು ಹುಡುಕಿ ನೋಡಿಕೊಳ್ಳುತ್ತೇನೆ.

ಆ ವಿಜಯದಶಮಿಯ ಮರುದಿನ ಬೆಳಿಗ್ಗೆ ಕತ್ತಲಿರುವಾಗಲೇ ಎದ್ದೆ. ಸೊಸೆಯ ಡಬ್ಬಿಗೆ ಅಂತ ಹುರುಳಿಕಾಯಿ ಹಾಕಿ ಒತ್ತಿ ಬಿಟ್ಟೆ, ಪಲ್ಯ ಪಲ್ಯವೇ ಆಯಿತು. ಚಪಾತಿ ಹಿಟ್ಟು ಕಲಸಿದೆ. ಅವತ್ತಿನ ಅಡುಗೆಗೆ ಬೇಕಿಲ್ಲದಿದ್ದರೂ ತುರಿಯುವ ತಟ್ಟೆ, ತೆಂಗಿನಕಾಯಿಯ ಗುಂಡು, ಎಲ್ಲವನ್ನೂ ಒಂದೊಂದು ಸಲ ಓಡಿಸಿ ಒದ್ದೆ ಮಾಡಿ ತೊಟ್ಟಿಯಲ್ಲಿ ಗುಡ್ಡೆ ಹಾಕಿದೆ. ಆಮೇಲೆ ಮಗನ ರೂಮಿಗೆ ಹೋಗಿ ಅವನ ಹೊದಿಕೆ ಎಳೆದೆ.